ಪಿರಿಯಾಪಟ್ಟಣದ ಕಡೆ ಹಳೇ ಪದ್ಧತಿಯಲ್ಲಿ ಆಲೂಗಡ್ಡೆ: ಸ್ವಂತ ಬಿತ್ತನೆ ನಂಬಬಹುದಾ?

ಬೆಟ್ಟದಪುರ ಕಡೆಯವ
ಎಲ್ಲರಿಗೂ ನಮಸ್ಕಾರ. ನಮ್ಮದು ಪಿರಿಯಾಪಟ್ಟಣ ತಾಲ್ಲೂಕು. ಮುಂಗಾರಿಗೆ ಹೊಗೆಸೊಪ್ಪು, ಅದು ಮುಗಿದ ಮೇಲೆ ರಾಗಿ ಅಥವಾ ಹುರುಳಿ. ಪಕ್ಕದ ಹೊಲದವರು ಶುಂಠಿ ಹಾಕುತ್ತಾರೆ. ಮುಂದಿನ ಮುಂಗಾರಿಗೆ ಒಂದೆಕರೆ ಹೊಗೆಸೊಪ್ಪು ಬಿಟ್ಟು ಆಲೂಗಡ್ಡೆ ಹಾಕೋಣ ಅಂತ ಯೋಚನೆ. ಅಜ್ಜಿ ಕಾಲದಲ್ಲಿ ನಮ್ಮ ಹೊಲದಲ್ಲೇ ಬೆಳೆಯುತ್ತಿದ್ದರಂತೆ. ಬಿತ್ತನೆ ಗಡ್ಡೆ ಅಟ್ಟದ ಮೇಲೆ ಇರುತ್ತಿತ್ತು, ಎತ್ತಿನ ನೇಗಿಲಲ್ಲಿ ಸಾಲು, ಕೀಳುವಾಗ ಮುಯ್ಯಾಳು, ಅಂದರೆ ಕೂಲಿ ಇಲ್ಲದೆ ಒಬ್ಬರ ಹೊಲಕ್ಕೆ ಒಬ್ಬರು ದುಡಿಯುವುದು. ಅಂಗಡಿಯಿಂದ ಏನೂ ತರುತ್ತಿರಲಿಲ್ಲ ಅನ್ನುತ್ತಾರೆ.

ಈಗ ಯಾರನ್ನು ಕೇಳಿದರೂ ಪಂಜಾಬಿನ ಬಿತ್ತನೆ ತನ್ನಿ ಅನ್ನುತ್ತಾರೆ. ಖರ್ಚಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಹಳೇ ಪದ್ಧತಿಯಲ್ಲೇ ಪೂರ್ತಿ ಮಾಡಲು ಆಗುವುದಿಲ್ವಾ? ಮಾಡಿದವರು, ನೋಡಿದವರು ಹೇಳಿ. ಯೂಟ್ಯೂಬ್ ಲಿಂಕ್ ಬೇಡ, ದಯವಿಟ್ಟು.

ನಾಲೆ ಬಯಲು
ಮಂಡ್ಯದವನು ಹೇಳುತ್ತೇನೆ, ಬೇಜಾರಾಗಬೇಡಿ. ನಮ್ಮ ವಿಸಿ (ವಿಶ್ವೇಶ್ವರಯ್ಯ) ನಾಲೆ ಬಯಲಲ್ಲಿ ಭತ್ತ, ಕಬ್ಬು ಬಿಟ್ಟು ಇಂಥ ಸಾಹಸಕ್ಕೆ ಯಾರೂ ಹೋಗುವುದಿಲ್ಲ. ಆಲೂಗಡ್ಡೆ ಹಾಸನದವರಿಗೆ, ಚಿಕ್ಕಬಳ್ಳಾಪುರ, ಕೋಲಾರದವರಿಗೆ ಸರಿ. ಹೊಗೆಸೊಪ್ಪಿಗೆ ಹರಾಜು ಕಟ್ಟೆಯಾದರೂ ಇದೆ. ಇದಕ್ಕೆ ಏನಿದೆ?

ಕೊಣನೂರು ಗಡಿ
ನಾಲೆ ಬಯಲು ಸಾರ್, ನಿಮ್ಮ ಗದ್ದೆಯಲ್ಲಿ ಆಗುವುದಿಲ್ಲ ನಿಜ. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಆದರೆ ಬೆಟ್ಟದಪುರ ಬೇರೆ ಮಾತು. ಅವರ ಊರಿಂದ ನಮ್ಮ ಕಡೆಗೆ ಎಷ್ಟು ದೂರ? ಅದೇ ಕೆಂಪು ಮರಳು ಮಿಶ್ರಿತ ಮಣ್ಣು, ಅದೇ ಮಳೆ. ತಾಲ್ಲೂಕಿನ ಗಡಿ ಕಾಗದದ ಮೇಲೆ ಇದೆ ಅಷ್ಟೇ.

ನಾವು ಮಾಡುವುದನ್ನು ಹೇಳುತ್ತೇನೆ. ಭರಣಿ ಮಳೆಗೆ ಹೊಲ ಉತ್ತು ಹದ ಮಾಡುತ್ತೇವೆ. ಕೃತ್ತಿಕೆ, ರೋಹಿಣಿಯೊಳಗೆ ಗಡ್ಡೆ ಮಣ್ಣಿಗೆ ಹೋಗಬೇಕು, ಅಂದರೆ ಮೇ ಮಧ್ಯದಿಂದ ಜೂನ್ ಮೊದಲ ವಾರ. ತಡ ಮಾಡಿದರೆ ಪುನರ್ವಸು, ಪುಷ್ಯದ ಸೋನೆ ಮಳೆಗೆ ಎಳೇ ಗಿಡ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಅಂಗಮಾರಿ ರೋಗ ಬಂತು ಅಂತ ಅಳಬೇಕು.

ಸಾಲಿಂದ ಸಾಲಿಗೆ ಎರಡು ಅಡಿ. ಗಡ್ಡೆಯಿಂದ ಗಡ್ಡೆಗೆ ಒಂದು ಗೇಣು. ಮುಂದೆ ನೇಗಿಲು, ಹಿಂದೆ ಮಂಕರಿ ಹಿಡಿದು ಹೆಂಗಸರು, ಮುಂದಿನ ಸಾಲು ಹೊಡೆಯುವಾಗ ಹಿಂದಿನದು ತಾನೇ ಮುಚ್ಚಿಕೊಳ್ಳುತ್ತದೆ. ಎಕರೆಗೆ ಆರು ಕ್ವಿಂಟಾಲ್ ಹತ್ತಿರ ಬಿತ್ತನೆ ಬೇಕು, ಗಡ್ಡೆ ದಪ್ಪ ಇದ್ದರೆ ಜಾಸ್ತಿ. ಒಂದು ತಿಂಗಳಿಗೆ ಕಳೆ ತೆಗೆದು ಗಿಡದ ಬುಡಕ್ಕೆ ಮಣ್ಣು ಏರಿಸಬೇಕು. ಈ ಕೆಲಸದಲ್ಲಿ ಸೋಮಾರಿತನ ಮಾಡಿದವನಿಗೆ ಬೆಳೆ ಇಲ್ಲ. ಆಲೂಗಡ್ಡೆ ಬೇರಲ್ಲ, ಕಾಂಡ. ಬಿಸಿಲು ಬಿದ್ದರೆ ಹಸಿರಾಗುತ್ತದೆ, ಕಹಿಯಾಗುತ್ತದೆ, ತಿನ್ನಲು ಬರುವುದಿಲ್ಲ. ಮಣ್ಣು ಬಿರುಕು ಬಿಟ್ಟ ಕಡೆ ಗಡ್ಡೆ ಪತಂಗ ಇಳಿದು ಮೊಟ್ಟೆ ಇಡುತ್ತದೆ.

ಗೊಬ್ಬರ ಚೆನ್ನಾಗಿ ಕಳಿತಿರಬೇಕು. ಹಸಿ ತಿಪ್ಪೆ ತಂದು ಸುರಿದರೆ ಗೊಣ್ಣೆಹುಳಕ್ಕೆ ಹಬ್ಬ. ನಮ್ಮಲ್ಲಿ ಹಿಂದೆ ಬೇಸಿಗೆಯಲ್ಲಿ ಕುರಿ ಮಂದೆ ನಿಲ್ಲಿಸುತ್ತಿದ್ದರು. ಈಗ ಕುರಿಯವರೂ ಕಡಿಮೆ, ಸಿಕ್ಕರೂ ಮಂದೆಯ ದರ ಕೇಳಿ ಗಾಬರಿಯಾಗುತ್ತದೆ.

ಬಿತ್ತನೆ ಬಗ್ಗೆ ಮಾತ್ರ ನನ್ನ ಉತ್ತರ ಚಿಕ್ಕದು. ಮನೆ ಬಿತ್ತನೆ ಒಂದು ಸಲ ಸರಿ, ಎರಡನೇ ಸಲ ಅರೆಬರೆ, ಮೂರನೇ ಸಲ ಗೋಲಿ ಗಾತ್ರದ ಗಡ್ಡೆ.

ಬೆಟ್ಟದಪುರ ಕಡೆಯವ
ತುಂಬಾ ಥ್ಯಾಂಕ್ಸ್. ಆದರೆ ಯಾಕೆ ಹಾಗಾಗುತ್ತದೆ? ರಾಗಿ, ಅವರೆ ಎಲ್ಲ ಮನೆ ಬಿತ್ತನೆಯೇ ಅಲ್ವಾ? ಅವು ತಲೆಮಾರುಗಟ್ಟಲೆ ನಡೆಯುತ್ತವೆ.

ಎಲೆ ಚುಕ್ಕೆ
ಮೈಸೂರಿನಿಂದ. ಸಸ್ಯರೋಗ ಓದಿದವಳು, ಈಗ ಹೊಲ ಸುತ್ತುವುದೇ ಕೆಲಸ. ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ.

ರಾಗಿ ಕಾಳು ನಿಜವಾದ ಬೀಜ. ತಾಯಿ ಗಿಡದ ಬಹಳಷ್ಟು ವೈರಸ್ ರೋಗಗಳು ಬೀಜಕ್ಕೆ ಇಳಿಯುವುದಿಲ್ಲ. ಆಲೂಗಡ್ಡೆಯಲ್ಲಿ ನಾವು ನೆಡುವುದು ತಾಯಿ ಗಿಡದ ತುಂಡನ್ನೇ. ಗಿಡಕ್ಕೆ ಏನು ರೋಗ ಇತ್ತೋ ಅದು ಗಡ್ಡೆಯೊಳಗೆ ಕೂತು ಮುಂದಿನ ಬೆಳೆಗೆ ಬರುತ್ತದೆ. ಮುಖ್ಯವಾಗಿ ಎಲೆ ಸುರುಳಿ ವೈರಸ್, ವೈ (Y) ಅನ್ನುವ ವೈರಸ್. ಇವನ್ನು ಗಿಡದಿಂದ ಗಿಡಕ್ಕೆ ಹೊರುವುದು ಹಸಿರು ಹೇನು, ಗಿಡದ ರಸ ಹೀರುವ ಪುಟ್ಟ ಕೀಟ. ಗಿಡ ಸಾಯುವುದಿಲ್ಲ, ಅದೇ ಮೋಸ. ಸುಮ್ನೆ ಕುಳ್ಳಗೆ ನಿಂತಿರುತ್ತದೆ, ಎಲೆ ಸುತ್ತಿಕೊಂಡಿರುತ್ತದೆ. ಜನ ಗೊಬ್ಬರ ಸಾಲಲಿಲ್ಲ ಅಂದುಕೊಳ್ಳುತ್ತಾರೆ. ಪ್ರತಿ ಬೆಳೆಗೂ ಇಂಥ ಗಿಡ ಹೆಚ್ಚುತ್ತಾ ಹೋಗುತ್ತವೆ.

ಬಿತ್ತನೆ ಪಂಜಾಬಿನಿಂದ ಬರಲು ಕಾರಣವೂ ಇದೇ ಹೇನು. ಉತ್ತರದ ಬಯಲಲ್ಲಿ ಅಕ್ಟೋಬರ್‌ನಿಂದ ಜನವರಿ ಶುರುವಿನ ತನಕ ಹೇನು ತೀರಾ ಕಡಿಮೆ. ಆ ಅವಧಿಯಲ್ಲೇ ಬಿತ್ತನೆ ಬೆಳೆ ಬೆಳೆದು, ಹೇನು ಏರುವ ಮೊದಲೇ ಗಿಡದ ಮೇಲ್ಭಾಗ ಕತ್ತರಿಸಿಬಿಡುತ್ತಾರೆ. ಶಿಮ್ಲಾದ ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆಯವರು ರೂಪಿಸಿದ ವಿಧಾನ ಅದು. ಆಮೇಲೆ ಶೀತಲ ಗೃಹದಲ್ಲಿಟ್ಟು ಮೇ ಹೊತ್ತಿಗೆ ಹಾಸನಕ್ಕೆ ಲಾರಿ. ನಮ್ಮ ಕಡೆ ಹೇನಿಲ್ಲದ ಅಂಥ ತಿಂಗಳುಗಳೇ ಸಿಗುವುದಿಲ್ಲ.

ಈಗ ನಿಮ್ಮ ಹೊಲದ ವಿಷಯ. ಕೇಳಲು ಇಷ್ಟವಾಗದೇ ಇರಬಹುದು. ಹೊಗೆಸೊಪ್ಪಿಗೂ ಆಲೂಗಡ್ಡೆಗೂ ಒಂದೇ ಕುಟುಂಬ. ಬದನೆ, ಟೊಮೆಟೊ, ಮೆಣಸಿನಕಾಯಿ ಕೂಡ ಅದೇ. ಹೊಗೆಸೊಪ್ಪಿನ ಮೇಲೆ ಕೂರುವ ಹೇನೇ ಆಲೂಗಡ್ಡೆಗೂ ಬರುತ್ತದೆ, ವೈ ವೈರಸ್ ಎರಡಕ್ಕೂ ಹತ್ತುತ್ತದೆ. ಬೇರುಗಂಟು ಜಂತುಹುಳ ಕೂಡ ಎರಡಕ್ಕೂ ಬರುತ್ತದೆ. ಅಂದರೆ ಸುತ್ತ ಹೊಗೆಸೊಪ್ಪು ಇರುವ ಕಡೆ ಬಿತ್ತನೆ ಗಡ್ಡೆ ಉಳಿಸಿಕೊಳ್ಳುವುದು ಬೇರೆ ಕಡೆಗಿಂತ ಕಷ್ಟ. ಅಜ್ಜಿ ಕಾಲದಲ್ಲಿ ನಿಮ್ಮೂರಲ್ಲಿ ಎಷ್ಟು ಹೊಗೆಸೊಪ್ಪಿತ್ತು, ಮನೆಯಲ್ಲಿ ಕೇಳಿ ನೋಡಿ.

ಶುಂಠಿ ಬೇರೆ ಕುಟುಂಬ. ಆದರೂ ಶುಂಠಿ ಕೊಳೆತ ಹೊಲದ ನೀರು ನಿಮ್ಮ ಕಡೆ ಹರಿಯುತ್ತಿದ್ದರೆ ಬದು ಗಟ್ಟಿ ಮಾಡಿ. ಅಲ್ಲಿನ ಬಾಡು ರೋಗದ ಬ್ಯಾಕ್ಟೀರಿಯಾದ ಸಂಬಂಧಿಯೇ ಆಲೂಗಡ್ಡೆಯನ್ನೂ ಬಾಡಿಸುವುದು. ಅಂಥ ಗಡ್ಡೆ ಕೊಯ್ದರೆ ಒಳಗೆ ಕಂದು ಉಂಗುರ, ಹಿಂಡಿದರೆ ಬಿಳಿ ಲೋಳೆ.

ಹೊಲದ ಬದು
ಹುಣಸೂರು ಕಡೆಯವನು. ಮೇಡಂ ಹೇಳಿದ್ದು ಸರಿ. ನಮ್ಮಲ್ಲಿ ಹೊಗೆಸೊಪ್ಪು ಆದ ಮೇಲೆ ರಾಗಿ ಹಾಕುವುದು ಮೊದಲಿಂದ ನಡೆದುಬಂದಿದೆ. ರಾಗಿ ಹಾಕಿದರೆ ಬೇರುಗಂಟು ತಗ್ಗುತ್ತದೆ. ಹೊಗೆಸೊಪ್ಪು ಕಿತ್ತ ಹೊಲಕ್ಕೇ ನೇರ ಆಲೂಗಡ್ಡೆ ಬೇಡ. ನಡುವೆ ಎರಡು ಬೆಳೆಯಾದರೂ ರಾಗಿ, ಜೋಳ, ಹುರುಳಿ ಹೋಗಲಿ.

ಆದರೆ ಹಳಬರು ಬಿತ್ತನೆ ಉಳಿಸಿದ್ದು ಸುಳ್ಳಲ್ಲ. ನೋಡಿದ್ದನ್ನು ಬರೆಯುತ್ತೇನೆ. ಮುಂಗಾರಿನ ಗಡ್ಡೆ ಆಗಸ್ಟ್‌ನಲ್ಲಿ ಕಿತ್ತರೆ ಅದು ಎರಡು ತಿಂಗಳ ಮೇಲೆ ನಿದ್ದೆ ಮಾಡುತ್ತದೆ. ಆ ತನಕ ತಾನಾಗಿ ಮೊಳಕೆ ಬರುವುದಿಲ್ಲ. ಹಿಂಗಾರಿಗೆ, ಅಂದರೆ ಅಕ್ಟೋಬರ್ ಕೊನೆಗೆ, ಸರಿಯಾಗಿ ಕಣ್ಣು ಬಿಡುತ್ತದೆ. ಬಾವಿ ಇದ್ದವರು ಅದನ್ನು ಹಿಂಗಾರಿಗೆ ನೆಡುತ್ತಿದ್ದರು. ಆ ಗಡ್ಡೆ ಫೆಬ್ರವರಿಯಲ್ಲಿ ಬಂದರೆ ಮೇ ತನಕ ಕಾಯಬೇಕು. ಕಷ್ಟ ಇರುವುದು ಈ ಮೂರು ಬೇಸಿಗೆ ತಿಂಗಳಲ್ಲೇ.

ಅದಕ್ಕೇ ಅಟ್ಟ. ಕತ್ತಲೆ ಅಟ್ಟ ಅಲ್ಲ, ಹೆಂಚಿನ ಸಂದಿಯಿಂದ ಬೆಳಕು ಬೀಳುವ, ಗಾಳಿ ಆಡುವ ಅಟ್ಟ. ಬಿದಿರು ತಟ್ಟಿಯ ಮೇಲೆ ಒಂದೇ ಪದರ ಹರಡುತ್ತಿದ್ದರು. ಗಡ್ಡೆ ಹಸಿರಾಗುತ್ತಿತ್ತು, ಮೊಳಕೆ ಗಿಡ್ಡಗೆ, ದಪ್ಪಗೆ, ನೇರಳೆ ಬಣ್ಣಕ್ಕೆ ಬರುತ್ತಿತ್ತು. ತಿನ್ನಲು ಬಾರದ್ದು ನೆಡಲು ಒಳ್ಳೆಯದು. ಕತ್ತಲಲ್ಲಿ ಇಟ್ಟರೆ ಮೊಳಕೆ ಬಿಳಿ ದಾರವಾಗಿ ಉದ್ದ ಬಂದು ಮುಟ್ಟಿದರೆ ಮುರಿಯುತ್ತದೆ. ಮೇಲೆ ನೀಲಗಿರಿ ಸೊಪ್ಪು, ಲಂಟಾನ ಸೊಪ್ಪು ಒಣಗಿಸಿ ಹರಡುತ್ತಿದ್ದರು, ಪತಂಗ ಹತ್ತಿರ ಬರಬಾರದು ಅಂತ.

ಎಲೆ ಚುಕ್ಕೆ
ಹೊಲದ ಬದು ಅವರೇ, ಇದು ಬಹಳ ಒಳ್ಳೆಯ ವಿವರ. ಪೆರು ದೇಶದ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದವರು ಸಣ್ಣ ರೈತರಿಗೆ ಹೇಳಿಕೊಡುವುದೂ ಇದನ್ನೇ, ಹರಡಿದ ಬೆಳಕಿನಲ್ಲಿ ಬಿತ್ತನೆ ಸಂಗ್ರಹ. ನೀಲಗಿರಿ, ಲಂಟಾನ ಸೊಪ್ಪಿನಿಂದ ಪತಂಗದ ಕಾಟ ಕಡಿಮೆಯಾಗುವುದು ಪ್ರಯೋಗದಲ್ಲೂ ಕಂಡಿದೆ.

ಆದರೆ ಅಟ್ಟ ಗಡ್ಡೆಯನ್ನು ಕಾಪಾಡುತ್ತದೆ, ಒಳಗಿನ ವೈರಸ್ಸನ್ನು ತೆಗೆಯುವುದಿಲ್ಲ. ಈ ಎರಡನ್ನು ಬೇರೆ ಬೇರೆ ಇಟ್ಟುಕೊಂಡು ಯೋಚಿಸಬೇಕು.

ನಾಲೆ ಬಯಲು
ಹಾಗಾದರೆ ಹಳಬರಿಗೆ ವೈರಸ್ ಇರಲಿಲ್ವಾ?

ಎಲೆ ಚುಕ್ಕೆ
ಇತ್ತು. ಇಳುವರಿ ಕಡಿಮೆ ಇತ್ತು, ಮನೆಗೂ ಸಂತೆಗೂ ಆದರೆ ಸಾಕು ಅನ್ನುವ ಲೆಕ್ಕ. ಬಿತ್ತನೆ ಸೊರಗಿದಾಗ ನೆಂಟರ ಊರಿಂದ, ಎತ್ತರದ ತಂಪು ಊರಿಂದ ಹೊಸದು ಬರುತ್ತಿತ್ತು. ಅದನ್ನು ಬಿತ್ತನೆ ಬದಲಾವಣೆ ಅಂತ ಯಾರೂ ಕರೆಯಲಿಲ್ಲ ಅಷ್ಟೇ.

ಹುಚ್ಚೆಳ್ಳು ಚಟ್ನಿ
ನಾನು ಬಿತ್ತನೆ ಮಾತಿಗೆ ಬರುವುದಿಲ್ಲ. ತವರು ರಾಮನಾಥಪುರದ ಹತ್ತಿರ, ಗಂಡನ ಮನೆ ಕೆ.ಆರ್. ನಗರ. ಕೀಳುವ ಕೆಲಸ ಎರಡೂ ಕಡೆ ಮಾಡಿದ್ದೇನೆ. ಇಲ್ಲಿ ಗಂಡಸರು ಬರೀ ನೆಡುವುದನ್ನೇ ಬರೆಯುತ್ತಿದ್ದಾರೆ!

ಎಲೆ ಹಳದಿಯಾಗಿ ಬಾಗಿದ ಮೇಲೆ ಗಿಡವನ್ನು ನೆಲಮಟ್ಟಕ್ಕೆ ಕುಯ್ದು ಹತ್ತು ಹದಿನೈದು ದಿನ ಹಾಗೇ ಬಿಡಬೇಕು. ಒಳಗೆ ಸಿಪ್ಪೆ ಬಲಿಯುತ್ತದೆ. ಒಂದು ಗಡ್ಡೆ ತೆಗೆದು ಹೆಬ್ಬೆರಳಲ್ಲಿ ಉಜ್ಜಿ ನೋಡಿ. ಸಿಪ್ಪೆ ಜಾರಿದರೆ ಇನ್ನೂ ಕಾಯಿರಿ. ಈ ದಿನಗಳನ್ನು ಬಿಟ್ಟು ಅವಸರಕ್ಕೆ ಕಿತ್ತವರ ಗಡ್ಡೆ ಮಂಡಿಗೆ ಹೋಗುವಷ್ಟರಲ್ಲಿ ಕಪ್ಪಾಗಿರುತ್ತದೆ. ಬೆಲೆ ಇದ್ದ ವರ್ಷ ಯಾರಿಗೂ ತಾಳ್ಮೆ ಇರುವುದಿಲ್ಲ, ಅದು ಬೇರೆ.

ಮಣ್ಣು ಒಣಗಿರುವ ದಿನ ನೋಡಬೇಕು. ಆಶ್ಲೇಷ, ಮಘೆ ಮಳೆ ನಡುವೆ ಎರಡು ಬಿಸಿಲು ದಿನ ಸಿಕ್ಕರೆ ಇಡೀ ಊರಿಗೆ ಅವತ್ತೇ ಕೆಲಸ. ಅದಕ್ಕೇ ಮುಯ್ಯಾಳು. ಇವತ್ತು ನಮ್ಮ ಹೊಲಕ್ಕೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾವು. ದುಡ್ಡಿನ ಮಾತಿಲ್ಲ, ಆದರೆ ಲೆಕ್ಕ ಇರುತ್ತಿತ್ತು. ಯಾರ ಮನೆಯಿಂದ ಎಷ್ಟು ಆಳು ಬಂದರು ಅನ್ನುವುದನ್ನು ಅತ್ತೆ ಬಾಯಲ್ಲೇ ಇಟ್ಟುಕೊಂಡಿದ್ದರು. ಒಂದಾಳು ಕಡಿಮೆ ಕಳಿಸಿದರೆ ನೀರು ಸೇದುವ ಬಾವಿ ಹತ್ತಿರ ಮಾತು ಬರುತ್ತಿತ್ತು.

ನೇಗಿಲನ್ನು ಎಲ್ಲ ಸಾಲಿಗೂ ಒಟ್ಟಿಗೆ ಹೊಡೆಯಬಾರದು. ಒಂದು ಸಾಲು ಬಿಟ್ಟು ಒಂದು. ಆಗ ಆರಿಸುವವರು ಕಿತ್ತಿರದ ಸಾಲಿನ ಮೇಲೆ ಕೂತು ಆರಿಸಬಹುದು, ಗಡ್ಡೆ ತುಳಿತಕ್ಕೆ ಸಿಗುವುದಿಲ್ಲ. ನೇಗಿಲ ಗುಳಕ್ಕೆ ಸಿಕ್ಕಿ ಗಾಯವಾದದ್ದು, ಗುದ್ದಲಿ ತಾಗಿದ್ದು ಎಲ್ಲ ಒಂದೇ ಮಂಕರಿಗೆ. ಅದು ಮನೆಗೆ, ಮೊದಲು ತಿಂದು ಮುಗಿಸಲು. ಚೆನ್ನಾಗಿರುವುದು ಮರದ ನೆರಳಲ್ಲಿ ರಾಶಿ, ಮೇಲೆ ಹುಲ್ಲು. ಬಿಸಿಲಿಗೆ ಬಿಟ್ಟರೆ ಹಸಿರು, ಗಾಳಿ ಇಲ್ಲದೆ ಮುಚ್ಚಿದರೆ ಕೊಳೆ.

ಎಲ್ಲ ಮುಗಿದ ಮೇಲೆ ಹಕ್ಕಲು, ಅಂದರೆ ಹೊಲದಲ್ಲಿ ಉಳಿದುಹೋದದ್ದನ್ನು ಆಯುವುದು. ರಾಗಿ ಹೊಲದಲ್ಲಿ ತೆನೆ ಹಕ್ಕಲು ಆಯುವುದು ಎಲ್ಲರಿಗೂ ಗೊತ್ತು, ಇಲ್ಲಿ ಗಡ್ಡೆ ಹಕ್ಕಲು. ಹೊಲ ಇಲ್ಲದವರು, ಮುದುಕಿಯರು, ಮಕ್ಕಳು ಬರುತ್ತಿದ್ದರು. ಮಳೆ ಬಿದ್ದ ಮಾರನೇ ದಿನ ಮಣ್ಣು ತೊಳೆದು ಇನ್ನಷ್ಟು ಗಡ್ಡೆ ಕಾಣಿಸುತ್ತಿತ್ತು. ಯಾರೂ ಬೇಡ ಅನ್ನುತ್ತಿರಲಿಲ್ಲ. ಅಂದ ಮನೆಯ ಹೆಸರು ಊರಲ್ಲಿ ಕೆಡುತ್ತಿತ್ತು. ಈಗ ಟ್ರ್ಯಾಕ್ಟರ್ ಡಿಗ್ಗರ್ ಬಂದಿದೆ, ಮಾರನೇ ದಿನವೇ ರೋಟಾವೇಟರ್ ಹೊಡೆದು ಜೋಳ ಹಾಕುತ್ತಾರೆ. ಹಕ್ಕಲಿಗೆ ಟೈಮೇ ಇಲ್ಲ.

ಊಟ ಹೇಳಲೇಬೇಕು. ಬೆಳಗ್ಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮಧ್ಯಾಹ್ನ ಮುದ್ದೆ, ಹುರುಳಿಕಾಳು ಬಸ್ಸಾರು. ಆಲೂಗಡ್ಡೆ ಕೀಳುವ ದಿನ ಆಲೂಗಡ್ಡೆ ಸಾರು ಮಾಡಿದರೆ ಆಳುಗಳು ನಗುತ್ತಿದ್ದರು.

ಬೆಟ್ಟದಪುರ ಕಡೆಯವ
ಅಕ್ಕಾ, ಇದನ್ನು ಓದಿದ್ದಕ್ಕೇ ಈ ಚರ್ಚೆ ಶುರು ಮಾಡಿದ್ದು ಸಾರ್ಥಕ. ಆದರೆ ಈಗ ನಮ್ಮೂರಲ್ಲಿ ಮುಯ್ಯಾಳು ಅಂದರೆ ಯಾರು ಬರುತ್ತಾರೆ? ಹುಡುಗರೆಲ್ಲ ಮೈಸೂರಿನ ಫ್ಯಾಕ್ಟರಿಗೆ. ಹೊಗೆಸೊಪ್ಪು ಬೇಯಿಸುವ ಸಮಯಕ್ಕೇ ಇದನ್ನೂ ಕೀಳಬೇಕು. ಆಳಿಗೆ ಹೊಡೆದಾಟ.

ಕೊಣನೂರು ಗಡಿ
ಅದು ನಿಜವಾದ ತೊಂದರೆ. ಆಗಸ್ಟ್‌ನಲ್ಲಿ ನಿಮ್ಮ ಬ್ಯಾರನ್ (ಹೊಗೆಸೊಪ್ಪು ಬೇಯಿಸುವ ಮನೆ) ಉರಿಯುತ್ತಿರುತ್ತದೆ. ಹಿಂಗಾರಿಗೆ ಹಾಕುವುದನ್ನು ಯೋಚಿಸಿ. ಬೋರ್‌ವೆಲ್ ಇದೆಯಾ? ಅಕ್ಟೋಬರ್ ಕೊನೆಗೆ ನೆಟ್ಟರೆ ಸಂಕ್ರಾಂತಿ ಕಳೆದ ಮೇಲೆ ಕೀಳಬಹುದು. ಆಗ ಹೊಗೆಸೊಪ್ಪಿನ ಕೆಲಸ ಇರುವುದಿಲ್ಲ.

ಎಲೆ ಚುಕ್ಕೆ
ಹಿಂಗಾರು ನನಗೂ ಸರಿ ಕಾಣುತ್ತದೆ. ಗಡ್ಡೆ ಕಟ್ಟಲು ರಾತ್ರಿ ತಂಪು ಬೇಕು. ರಾತ್ರಿ ಉಷ್ಣತೆ 20 ಡಿಗ್ರಿ ದಾಟಿದರೆ ಗಿಡ ಸೊಂಪಾಗಿ ಬೆಳೆದು ಕೆಳಗೆ ಏನೂ ಇರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಆ ಭಯ ಇಲ್ಲ. ಸೋನೆ ಮಳೆಯೂ ಇಲ್ಲದ್ದರಿಂದ ಅಂಗಮಾರಿ ಕಾಟ ಕಡಿಮೆ. ಮೋಡ, ಇಬ್ಬನಿ ಹಿಡಿದ ವಾರ ಮಾತ್ರ ಎಚ್ಚರ ಇರಲಿ.

ಅಂಗಮಾರಿ ಬಗ್ಗೆ ಎರಡು ಮಾತು. 1845ರಲ್ಲಿ ಐರ್ಲೆಂಡಿನಲ್ಲಿ ಕ್ಷಾಮಕ್ಕೆ ಕಾರಣವಾದದ್ದು ಇದೇ ರೋಗ. ತಂಪು, ಒದ್ದೆ, ಮೋಡ ಮೂರೂ ಸೇರಿದರೆ ಕೆಲವೇ ದಿನಗಳಲ್ಲಿ ಹೊಲ ಸುಟ್ಟಂತಾಗುತ್ತದೆ. ಎಲೆ ಅಡಿಯಲ್ಲಿ ಬೆಳಗಿನ ಹೊತ್ತು ಬಿಳಿ ಬೂಷ್ಟು ಕಾಣುತ್ತದೆ. ಬಂದ ಮೇಲೆ ಓಡಾಡಿದರೆ ಪ್ರಯೋಜನ ಕಡಿಮೆ, ಬರುವ ಮೊದಲೇ ಸಿಂಪಡಿಸಬೇಕು. ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂ, ಅದು ಬೇಡ ಅಂದರೆ ಕಾಫಿ, ಅಡಿಕೆಯವರು ಮಾಡುವ ಶೇ. 1ರ ಬೋರ್ಡೋ ದ್ರಾವಣ. ನಮ್ಮಲ್ಲಿ ಎಲ್ಲರೂ ಹಾಕುವ ಕುಫ್ರಿ ಜ್ಯೋತಿ 1968ರಲ್ಲಿ ಬಂದ ತಳಿ. ಶುರುವಿನಲ್ಲಿ ಈ ರೋಗ ತಡೆಯುತ್ತಿತ್ತು, ಈಗ ಆ ಶಕ್ತಿ ಹೋಗಿದೆ. ಕುಫ್ರಿ ಹಿಮಾಲಿನಿ ಸಿಕ್ಕರೆ ಅದು ವಾಸಿ.

ದೇವರಾಜ ಮಾರುಕಟ್ಟೆ ಗಿರಾಕಿ
ಬೆಳೆಯುವವನಲ್ಲ, ತಿನ್ನುವವನು. ಒಂದು ಪ್ರಶ್ನೆ. ಕೆಲವು ತಿಂಗಳು ಆಲೂಗಡ್ಡೆ ಪಲ್ಯ ಸಿಹಿ ಸಿಹಿ. ಮಸಾಲೆ ದೋಸೆಯ ಒಳಗೆ ಗೆಣಸು ಇಟ್ಟಿದ್ದಾರಾ ಅನ್ನಿಸುತ್ತದೆ. ಯಾಕೆ?

ಎಲೆ ಚುಕ್ಕೆ
ಉತ್ತರದಿಂದ ಬರುವ ಶೀತಲ ಗೃಹದ ಮಾಲು. ತೀರಾ ತಂಪಲ್ಲಿಟ್ಟರೆ ಗಡ್ಡೆಯೊಳಗಿನ ಗಂಜಿ ಸಕ್ಕರೆಯಾಗುತ್ತದೆ. ಚಿಪ್ಸ್ ಕರಿದರೆ ಕಂದು ಬರುವುದೂ ಅದಕ್ಕೇ. ಮನೆಯಲ್ಲಿ ಫ್ರಿಜ್‌ನಲ್ಲಿ ಇಡಬೇಡಿ.

ಹುಚ್ಚೆಳ್ಳು ಚಟ್ನಿ
ಹೊಲದ ಹೊಸ ಗಡ್ಡೆ, ಅವರೆಕಾಳು ಸೇರಿಸಿ ಸಾರು ಮಾಡಿ ನೋಡಿ, ಮಾರ್ಕೆಟ್ ಕಡೆ ಹೋಗುವುದೇ ಬಿಡುತ್ತೀರಿ.

ಹೊಲದ ಬದು
ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ಒಬ್ಬ ವ್ಯಾಪಾರಿ ಊಟದ ಗಡ್ಡೆಯನ್ನೇ ಬಿತ್ತನೆ ಅಂತ ಚೀಲ ಬದಲಿಸಿ ಮಾರಿದ್ದ. ಅದನ್ನು ತಂದು ನೆಟ್ಟ ನಮ್ಮ ಹೊಲದಲ್ಲಿ ಅರ್ಧ ಮೊಳೆಯಲೇ ಇಲ್ಲ. ಆಮೇಲೆ ಕೇಳಲು ಹೋದರೆ ರಸೀದಿ ಎಲ್ಲಿ ಅಂದ. ಪಂಜಾಬ್ ಅಂತ ಚೀಲದ ಮೇಲೆ ಬರೆದಿದ್ದರೆ ಒಳಗೂ ಅದೇ ಇರುತ್ತದೆ ಅಂತ ಏನಿಲ್ಲ. ರಸೀದಿ ತೆಗೆದುಕೊಳ್ಳಿ. ಚೀಲ ಬಿಚ್ಚಿ ನೋಡಿ. ಕೋಳಿಮೊಟ್ಟೆ ಗಾತ್ರದ್ದು ಇರಲಿ, ಕೊಯ್ದು ನೋಡಿದರೆ ಉಂಗುರ, ಕಪ್ಪು ಇರಬಾರದು. ತಂದ ತಕ್ಷಣ ನೆಡಬೇಡಿ, ನೆರಳಲ್ಲಿ ಹರಡಿ ಒಂದು ವಾರ ಹತ್ತು ದಿನ ಬಿಟ್ಟು ಮೊಳಕೆ ಬರಿಸಿ.

ಬೆಟ್ಟದಪುರ ಕಡೆಯವ
ಸರಿ, ಬಿತ್ತನೆ ಕೊಳ್ಳಲೇಬೇಕು ಅಂತಾಯಿತು. ಆದರೆ ಪ್ರತಿ ಸಲವೂನಾ? ನಡುವೆ ದಾರಿ ಇಲ್ವಾ?

ಎಲೆ ಚುಕ್ಕೆ
ಇದೆ. ಎರಡು ದಾರಿ ಹೇಳುತ್ತೇನೆ.

ಮೊದಲನೆಯದು, ಒಳ್ಳೆಯ ಬಿತ್ತನೆ ತಂದು ಅದರಿಂದ ಒಂದು, ಹೆಚ್ಚೆಂದರೆ ಎರಡು ಬೆಳೆ ಸ್ವಂತಕ್ಕೆ ಉಳಿಸಿಕೊಳ್ಳುವುದು. ಆದರೆ ರಾಶಿಯಲ್ಲಿ ಉಳಿದ ಸಣ್ಣ ಗಡ್ಡೆ ಆರಿಸಿ ಬಿತ್ತನೆ ಅನ್ನಬಾರದು. ಎಲ್ಲರೂ ಮಾಡುವುದು ಅದನ್ನೇ. ರೋಗದ ಗಿಡವೇ ಸಣ್ಣ ಗಡ್ಡೆ ಕೊಡುವುದು, ಹಾಗಾಗಿ ಸಣ್ಣದನ್ನೇ ಆರಿಸಿದರೆ ರೋಗವನ್ನೇ ಆರಿಸಿದ ಹಾಗೆ. ಹೂ ಬರುವ ಹೊತ್ತಿಗೆ ಹೊಲ ಸುತ್ತಿ ಗಟ್ಟಿಮುಟ್ಟಾದ, ಎಲೆ ಹಸಿರಾಗಿ ಬಿಚ್ಚಿಕೊಂಡಿರುವ ಗಿಡದ ಪಕ್ಕ ಒಂದು ಕಡ್ಡಿ ಚುಚ್ಚಿ. ವಾರ ಎರಡು ವಾರ ಬಿಟ್ಟು ಮತ್ತೆ ನೋಡಿ. ಕಳೆಗುಂದಿದ್ದರೆ ಕಡ್ಡಿ ಕಿತ್ತುಬಿಡಿ. ಕೀಳುವಾಗ ಕಡ್ಡಿ ಇರುವ ಗಿಡಗಳನ್ನು ಮೊದಲು, ಒಂದೊಂದಾಗಿ ಕೈಯಲ್ಲಿ ಕಿತ್ತು ಬೇರೆ ಇಡಿ. ಅದರಲ್ಲೂ ಗಡ್ಡೆ ಕಡಿಮೆ ಇದ್ದದ್ದನ್ನು ಊಟಕ್ಕೆ ಹಾಕಿ. ಉಳಿದದ್ದು ಹೊಲದ ಬದು ಅವರು ಹೇಳಿದ ಅಟ್ಟಕ್ಕೆ. ಕೆನ್ಯಾದ ಸಣ್ಣ ರೈತರು ಹೀಗೆ ಮಾಡಿ ಇಳುವರಿ ಕುಸಿಯದಂತೆ ನೋಡಿಕೊಂಡಿದ್ದಾರೆ. ದುಡ್ಡು ಬೇಡ, ಕಣ್ಣು ಬೇಕು.

ಎರಡನೆಯದು ಹೊಸದು. ಅಂಗಾಂಶ ಕೃಷಿಯ, ಅಂದರೆ ಲ್ಯಾಬಿನಲ್ಲಿ ಬೆಳೆಸಿದ, ತಾಯಿ ಗಿಡದ ಕುಡಿ ಚಿವುಟಿ ಬೇರು ಬರಿಸಿದ ಸಸಿಗಳು. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದವರು ಲಿಮಾದ ಕೇಂದ್ರದ ಜೊತೆ ಸೇರಿ ಹಾಸನದ ಕಡೆ ಇದನ್ನು ಶುರು ಮಾಡಿದರು. ಟೊಮೆಟೊ ಸಸಿ ತಂದ ಹಾಗೆ ಟ್ರೇಯಲ್ಲಿ ತಂದು ನೆಡುವುದು. ಒಂದು ಸಸಿಗೆ ಏಳರಿಂದ ಹತ್ತು ಗಡ್ಡೆ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಜಾಸ್ತಿ. ಆ ಗಡ್ಡೆ ಮುಂದಿನ ಬೆಳೆಗೆ ಬಿತ್ತನೆ. ಇದನ್ನು ಒಂದೆಕರೆಗೆ ಬೇಡ, ಮನೆ ಹಿಂದೆ ನಾಲ್ಕು ಮಡಿ, ಸುತ್ತ ಹೇನು ನುಸುಳದಷ್ಟು ಸಣ್ಣ ಕಣ್ಣಿನ ನೆಟ್. ಹೇನು ಒಳಗೆ ಬರದಿದ್ದರೆ ನಿಮ್ಮದೇ ಬಿತ್ತನೆ.

ಕೊಣನೂರು ಗಡಿ
ನಮ್ಮ ಊರಲ್ಲಿ ಒಬ್ಬರು ಸಸಿ ತಂದಿದ್ದರು. ಮೊದಲ ಎರಡು ವಾರ ನೀರು ತಪ್ಪಿಸಬಾರದು, ಗಡ್ಡೆಗಿಂತ ಸೂಕ್ಷ್ಮ. ನೆಟ್ ಹಾಕಿದವರಿಗೆ ಚೆನ್ನಾಗಿ ಬಂತು.

ನಾಲೆ ಬಯಲು
ಇಷ್ಟೆಲ್ಲ ಮಾಡಿ ಬೆಲೆ ಬಿದ್ದರೆ? ಹಾಸನ, ಕೋಲಾರ ಒಟ್ಟಿಗೆ ಬಂಡಿಪಾಳ್ಯದ ಎಪಿಎಂಸಿಗೆ ಇಳಿದರೆ ನಿಮ್ಮ ಒಂದೆಕರೆ ಯಾರು ಕೇಳುತ್ತಾರೆ?

ಹೊಲದ ಬದು
ಒಂದೆಕರೆ ಮಾಲನ್ನು ಮಂಡಿಗೆ ಯಾಕೆ ಹಾಕಬೇಕು? ಪಿರಿಯಾಪಟ್ಟಣ ಸಂತೆ, ಬೆಟ್ಟದಪುರ ಸಂತೆ, ಬೈಲಕುಪ್ಪೆ ಇವೆ. ಬೈಲಕುಪ್ಪೆಯ ಟಿಬೆಟಿಯನ್ನರ ಅಡುಗೆಮನೆಗಳಲ್ಲಿ ಆಲೂಗಡ್ಡೆ ವರ್ಷವಿಡೀ ಬೇಕು. ಅವರು ಗಡ್ಡೆ ನೋಡಿ ಕೊಳ್ಳುವವರು, ಸುಮ್ನೆ ದಪ್ಪ ಇದೆ ಅಂತ ತೆಗೆದುಕೊಳ್ಳುವುದಿಲ್ಲ.

ನನಗೆ ಬೆಲೆಗಿಂತ ಹಂದಿಯ ಭಯ ಜಾಸ್ತಿ. ನಾಗರಹೊಳೆ ಅಂಚಲ್ಲಿ ಗಡ್ಡೆ ಬೆಳೆ ಹಾಕಿದರೆ ಕಾಡುಹಂದಿಗೆ ಕರೆದು ಹೇಳಿದ ಹಾಗೆ. ಒಂದೇ ರಾತ್ರಿ ಸಾಲಿಗೆ ಸಾಲು ಉತ್ತುಬಿಡುತ್ತವೆ. ನಿಮ್ಮ ಹೊಲ ಕಾಡಿನಿಂದ ಎಷ್ಟು ದೂರ?

ಬೆಟ್ಟದಪುರ ಕಡೆಯವ
ಕಾಡು ದೂರ ಇದೆ. ಆದರೂ ಬೆಟ್ಟದ ಕಡೆಯಿಂದ ಹಂದಿ ಬರುತ್ತವೆ. ಶುಂಠಿ ಮುಟ್ಟುವುದಿಲ್ಲ, ಜೋಳ ಬಿಡುವುದಿಲ್ಲ. ಬೇಲಿ ಖರ್ಚು ಸೇರಿಸಿಕೊಳ್ಳಬೇಕು.

ನನ್ನ ಲೆಕ್ಕ ಈಗ ಹೀಗಿದೆ. ಒಂದೆಕರೆ ಬೇಡ, ಹತ್ತು ಗುಂಟೆ. ಮುಂಗಾರಿಗೆ ಬೇಡ, ಹಿಂಗಾರಿಗೆ. ಎರಡು ವರ್ಷದಿಂದ ರಾಗಿ, ಹುರುಳಿ ಮಾತ್ರ ಇರುವ ಮೇಲಿನ ಹೊಲದಲ್ಲಿ. ಬಿತ್ತನೆ ಹಾಸನದಿಂದ ರಸೀದಿ ಸಮೇತ, ಜೊತೆಗೆ ಒಂದೆರಡು ಟ್ರೇ ಸಸಿ ಮನೆ ಹಿಂದೆ ನೆಟ್ ಒಳಗೆ. ಕಡ್ಡಿ ಚುಚ್ಚುವ ಕೆಲಸ ಅಮ್ಮನಿಗೆ, ಅವರ ಕಣ್ಣು ನನಗಿಂತ ಚುರುಕು. ಗಡ್ಡೆ ಕೊಯ್ದು ನೆಡಬೇಕಾ, ಇಡಿಯಾಗಿಯಾ?

ಕೊಣನೂರು ಗಡಿ
ಮುಂಗಾರಿಗೆ ಇಡಿ ಗಡ್ಡೆ ವಾಸಿ, ಹಸಿ ಮಣ್ಣಲ್ಲಿ ತುಂಡು ಕೊಳೆಯುತ್ತದೆ. ಹಿಂಗಾರಿಗೆ ದಪ್ಪ ಗಡ್ಡೆಯನ್ನು ಕೊಯ್ಯಬಹುದು. ಒಂದು ತುಂಡಿಗೆ ಎರಡು ಮೂರು ಕಣ್ಣು, ತೂಕ 30 ರಿಂದ 40 ಗ್ರಾಂ. ಉದ್ದಕ್ಕೆ ಕೊಯ್ಯಿರಿ, ಮೇಲ್ತುದಿಯ ಕಣ್ಣು ಎಲ್ಲ ತುಂಡಿಗೂ ಹಂಚಿಹೋಗಲಿ. ಕೊಯ್ದ ಮೇಲೆ ನೆರಳಲ್ಲಿ ಎರಡು ದಿನ, ಗಾಯ ಒಣಗಿ ಪೊರೆ ಕಟ್ಟಲಿ. ಹಳಬರು ಒಲೆ ಬೂದಿ ಸವರುತ್ತಿದ್ದರು, ಈಗ ಮ್ಯಾಂಕೋಜೆಬ್.

ಎಲೆ ಚುಕ್ಕೆ
ಎರಡು ಕುಡುಗೋಲು ಇಟ್ಟುಕೊಳ್ಳಿ. ಒಂದು ಬ್ಲೀಚಿಂಗ್ ಪುಡಿ ನೀರಲ್ಲಿ ಇರಲಿ, ಒಂದರಲ್ಲಿ ಕೊಯ್ಯಿರಿ, ಆಗಾಗ ಬದಲಿಸಿ. ಬಾಡು ರೋಗದ ಒಂದು ಗಡ್ಡೆ ಕೊಯ್ದ ಅಲಗಿನಿಂದ ಮುಂದಿನ ಗಡ್ಡೆಗಳಿಗೂ ಹರಡುತ್ತದೆ.

ಹುಚ್ಚೆಳ್ಳು ಚಟ್ನಿ
ಹತ್ತು ಗುಂಟೆ ಕೀಳಲು ಮುಯ್ಯಾಳು ಬೇಡ, ಮನೆಯವರು ಸಾಕು. ಜನವರಿ ಕೊನೆಗೆ ಹೇಳಿ, ನಾವೂ ಬರುತ್ತೇವೆ. ಕೆ.ಆರ್. ನಗರದಿಂದ ಏನು ಮಹಾ ದೂರ. ಲೆಕ್ಕ ಮಾತ್ರ ಇರುತ್ತದೆ, ಮುಂದಿನ ವರ್ಷ ನಮ್ಮ ಅವರೆ ಬಿಡಿಸಲು ನೀವು ಬರಬೇಕು.

ನಾಲೆ ಬಯಲು
ಬೈಲಕುಪ್ಪೆಗೆ ಹಾಕುವ ಮೊದಲು ಮಂಡ್ಯಕ್ಕೆ ಒಂದು ಚೀಲ. ದುಡ್ಡು ಬೇಡ ಅಂದರೆ ಬೆಲ್ಲ ಕಳಿಸುತ್ತೇನೆ.